ತೊಂದರೆಯೇ ಇಲ್ಲದ ಓಣಿ

ಆ ವರ್ಷ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಭಾರತ ಸೋತಾಗ ದೇಶಕ್ಕೆಲ್ಲ ದುಃಖವಾಯಿತು. ರಾಜಶೇಖರನಿಗೆ ದುಃಖದ ಜೊತೆ ಹೆದರಿಕೆಯೂ ಆಯಿತು. ಕ್ರಿಕೆಟ್ಟು ಮುಗಿಯಲಿ ಎಂದು ತಿಂಗಳಿಡೀ ಮುಂದೂಡಿದ್ದ ಕೇಸನ್ನು ಈಗ ಒಂದೇ ದಿನದಲ್ಲಿ ಹುಡುಕಬೇಕಾಗಿತ್ತು.

ಗರಗದ ರಾಜಶೇಖರ ಧಾರವಾಡದಲ್ಲಿ ಸಾರ್ವಜನಿಕ ಆಡಳಿತ ಮತ್ತು ಸಮಾಜಸೇವೆಯ ಎಂ.ಎ. ಓದುತ್ತಿದ್ದ. ಆಡಳಿತವೆಲ್ಲ ಪುಸ್ತಕದಲ್ಲಿತ್ತು, ಉರು ಹೊಡೆದರೆ ಸಾಕಿತ್ತು. ಸಮಾಜಸೇವೆಗೆ ಮಾತ್ರ ಸಮಾಜ ಬೇಕಿತ್ತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಓಣಿಗೆ ಹೋಗಿ, ತೊಂದರೆಯಲ್ಲಿರುವ ಒಬ್ಬರನ್ನು ಹುಡುಕಿ, ನೆರೆಹೊರೆಯವರ ಸಹಕಾರದಿಂದ ಅವರ ತೊಂದರೆ ನೀಗಿಸಬೇಕು. ಹೀಗೆ ಸಿಕ್ಕವರಿಗೆ ಕೇಸು ಎಂದು ಹೆಸರು. ಕಡೆಗೆ ಹಂಚಿನಾಳ ಸರ್ ಓಣಿಗೇ ಬಂದು ಕೇಸನ್ನು ಎದುರಿಗೆ ನಿಲ್ಲಿಸಿಕೊಂಡು "ಉಪಯೋಗ ಆತೇನ್ರಿ?" ಎಂದು ಕೇಳುತ್ತಾರೆ. ಆತ್ರಿ ಎಂದರೆ ಪಾಸು. ಕೇಸೇ ಇಲ್ಲದಿದ್ದರೆ ಇನ್ನೊಂದು ವರ್ಷ. ಇನ್ನೊಂದು ವರ್ಷವಾದರೆ ಓದು ಸಾಕು, ಹುಬ್ಬಳ್ಳಿಯ ಸೋದರಮಾವನ ಅರಳೆ ಅಂಗಡಿಯಲ್ಲಿ ತಕ್ಕಡಿ ಹಿಡಿ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಸರ್ ಅವರದು ಇನ್ನೊಂದು ನಿಯಮವೂ ಇತ್ತು. "ಕೇಸಿನ ಜೋಡಿ ಸಲಿಗಿ ಬ್ಯಾಡ. ಕೆಲಸ ಮುಗೀತು, ಸಂಬಂಧ ಮುಗೀತು."

ರಾಜಶೇಖರನಿಗೆ ಬಂದದ್ದು ಬಾವಿಕಟ್ಟಿ ಓಣಿ. ಅದೇ ಓಣಿ ಅವನ ತರಗತಿಯ ನಾಗರತ್ನಾಳಿಗೂ ಬಂದಿದ್ದು ಅವನಿಗಿದ್ದ ಒಂದೇ ಸಮಾಧಾನ. ಅವಳ ಕೇಸಾಗಿದ್ದ ಅಜ್ಜಿ ಹಿಂದಿನ ದಿನ ಹೇಳದೆ ಕೇಳದೆ ಶಿರಗುಪ್ಪಿಯ ಮಗಳ ಮನೆಗೆ ಹೊರಟುಹೋಗಿದ್ದಳು. ಹೀಗಾಗಿ ಅವಳೂ ಹೊಸ ಕೇಸು ಹುಡುಕುತ್ತ ಬಂದಿದ್ದಳು.

ಓಣಿಯ ಮೊದಲ ಕಟ್ಟೆಯ ಮೇಲೆ ನಿವೃತ್ತ ಪೋಸ್ಟಮನ್ ನೀಲಪ್ಪ ಪೇಪರು ಓದುತ್ತಿದ್ದ. ಅವನ ಮೂಗಿನ ಮೇಲಿನ ಚಾಳೀಸಿನ ಒಂದು ಕಡ್ಡಿಯ ಜಾಗದಲ್ಲಿ ಕಿವಿಗೆ ಸುತ್ತಿದ ದಾರವಿತ್ತು. ರಾಜಶೇಖರನ ಜೀವಕ್ಕೆ ತಂಪಾಯಿತು.

"ಯಜಮಾನ್ರ, ನಿಮಗೇನರ ತೊಂದರಿ ಐತೇನ್ರಿ?"

"ನನಗ್ಯಾಕ ಇರ್ತೈತಿ? ತೊಂದರಿ ಏನಿದ್ರೂ ಹಿಂದಿನ ಓಣ್ಯಾಗ."

"ಅಲ್ರಿ, ನಿಮ್ಮ ಚಾಳೀಸು ಮುರದೈತಲ್ರಿ?"

"ಮುರದಿಲ್ಲೋ ತಮ್ಮಾ. ದಾರ ಇದ್ರ ಬಿಗಿ ಕುಂದರತೈತಿ," ಎಂದು ನೀಲಪ್ಪ ಪೇಪರಿನ ಹಾಳೆ ತಿರುಗಿಸಿದ.

ರಾಜಶೇಖರ ಹಿಂದಿನ ಓಣಿಗೂ ಹೋಗಿ ಬಂದ. ಅಲ್ಲಿಯವರು ತೊಂದರೆಯೆಲ್ಲ ಬಾವಿಕಟ್ಟಿ ಓಣಿಯಲ್ಲಿದೆ ಎಂದು ಪ್ರೀತಿಯಿಂದ ದಾರಿ ತೋರಿಸಿದರು.

ಮುಂದಿನ ಮನೆ ಶಿವಬಸವ್ವನದು. ಅತ್ತೆ ಸೊಸೆಯ ಜಗಳ ಅಂಚಿನ ಮನೆಗೂ ಕೇಳುತ್ತದೆ ಎಂದು ಅವನಿಗೆ ಸುದ್ದಿ ಸಿಕ್ಕಿತ್ತು.

"ಜಗಳಾ? ನನ್ನ ಸೊಸಿ ಬಂಗಾರದಂಥಾಕಿ," ಎಂದಳು ಶಿವಬಸವ್ವ. ಆ ಬಂಗಾರ ಒಳಗೆ ತಾಟೊಂದನ್ನು ನೆಲಕ್ಕೆ ಒಗೆದ ಸಪ್ಪಳವಾಯಿತು. "ಬೆಕ್ಕು," ಎಂದು ಶಿವಬಸವ್ವ ಅವನ ಮುಖವನ್ನೇ ನೋಡಿದಳು. "ಅದಿರ್ಲಿ, ನಿನ್ನ ಮಾರಿ ಯಾಕ ಹಿಂಗ ಬಾಡೈತಿ? ಮುಂಜಾನಿಂದ ಏನರ ಉಂಡೀಯೇನು?"

ಉಂಡಿರಲಿಲ್ಲ. ಎರಡು ರೊಟ್ಟಿ, ಝುಣಕ, ಮೇಲೊಂದು ಲೋಟ ಮಜ್ಜಿಗೆ ಬಂದವು. ಅವನು ಉಣ್ಣುವಾಗ ನಾಗರತ್ನಾ ಬಂದು ಹೊಸ್ತಿಲ ಬಳಿ ಕೂತಳು.

"ಖಾನಾವಳಿ ಊಟ ಒಗ್ಗೂದಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. "ರಾತ್ರಿ ನಿದ್ದಿ ಬರತೈತೇನ್ರಿ? ಮನ್ಯಾಗ ನಿಮ್ಮ ಮಾತು ಯಾರರ ಕೇಳ್ತಾರೇನ್ರಿ?"

ಎರಡು ವರ್ಷಗಳಲ್ಲಿ ಅವಳು ಅವನಿಗೆ ಹೇಳಿದ್ದು ಒಂದೇ ಮಾತು: "ಅತ್ತ ಸರೀರಿ, ಬೋರ್ಡು ಕಾಣವಲ್ದು." ಈಗ ಒಮ್ಮೆಲೇ ಇಷ್ಟು ಕಾಳಜಿ! ರಾಜಶೇಖರ ನಿದ್ದೆ ಬಾರದ್ದನ್ನು ಹೇಳಿದ, ಅಪ್ಪನ ಸಿಟ್ಟು ಹೇಳಿದ, ಅರಳೆ ಅಂಗಡಿಯ ತಕ್ಕಡಿಯನ್ನೂ ಹೇಳಿದ. ಅವಳು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಅವನಿಗೆ ಕೇಸು ಮರೆತೇಹೋಯಿತು.

ಮಧ್ಯಾಹ್ನ ನಳಕ್ಕೆ ನೀರು ಬಂತು. ನೀಲಪ್ಪ ಎರಡು ಕೊಡ ತುಂಬಿಕೊಂಡು ಹೊರಟಿದ್ದ. ನಾಗರತ್ನಾ ನೋಡುತ್ತಿದ್ದಾಳೆಂದು ರಾಜಶೇಖರನಿಗೆ ಹುರುಪು ಬಂತು.

"ಕೊಡ್ರಿಲ್ಲೆ, ನಾ ಒಯ್ತೇನಿ."

"ಬ್ಯಾಡೋ. ನಾ ದಿನಾ ಒಯ್ತೇನಿ."

"ಸೇವಾ ಮಾಡಾಕ ಬಂದೇನ್ರಿ," ಎಂದು ಅವನು ಕೊಡಗಳನ್ನು ಕಸಿದುಕೊಂಡ. ನಾಲ್ಕು ಹೆಜ್ಜೆ ಹಾಕಿ, ಅವಳು ನೋಡುತ್ತಿದ್ದಾಳೋ ಇಲ್ಲವೋ ಎಂದು ತಿರುಗಿದ. ಅವಳು ನೋಡುತ್ತಲೇ ಇದ್ದಳು. ಅವನು ಗಟಾರಕ್ಕೆ ಬಿದ್ದದ್ದನ್ನೂ ನೋಡಿದಳು.

ಮುಂದಿನದೆಲ್ಲ ಲಗುಬಗೆಯಿಂದ ನಡೆಯಿತು. ಎಪ್ಪತ್ತರ ನೀಲಪ್ಪ ಒಂದೇ ಕೈಯಲ್ಲಿ ಅವನನ್ನು ಮೇಲೆತ್ತಿದ. ಎದುರು ಮನೆಯ ರೆಹಮತ್‌ಬಿ ತಲೆಯ ಮೇಲೆ ನೀರು ಸುರಿದು ಮೊಣಕಾಲಿಗೆ ಅರಿಸಿನ ಮೆತ್ತಿ, ಗಂಡನ ಲುಂಗಿ ಕೊಟ್ಟಳು. ಗಂಡ ಮಕಬೂಲಸಾಬ ದರ್ಜಿ. ನಾಗರತ್ನಾ ಹರಿದ ಪ್ಯಾಂಟನ್ನು ಹಿಂಡಿ ಅವನ ಮಷಿನ್ನಿನ ಮುಂದಿಟ್ಟು, ಚಹಾ ಮಾಡಿಸಲು ಶಿವಬಸವ್ವನ ಮನೆಗೆ ಓಡಿದಳು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತು ಈ ಹುಡುಗನ ಹಣೆಬರಹಕ್ಕೆ ಮರುಗಿದರು. ಎಷ್ಟೋ ದಿನಗಳ ಮೇಲೆ ಅವರಿಬ್ಬರದು ಒಂದೇ ಅಭಿಪ್ರಾಯವಾಗಿತ್ತು.

ಸಂಜೆ ಹಂಚಿನಾಳ ಸರ್ ಅವರ ಸ್ಕೂಟರು ಓಣಿಗೆ ಬಂದಾಗ ರಾಜಶೇಖರ ಇನ್ನೂ ಲುಂಗಿಯಲ್ಲೇ ಇದ್ದ.

"ಎಲ್ಲೈತೋ ನಿನ್ನ ಕೇಸು?"

"ಸರ್, ಈ ಓಣ್ಯಾಗ ಯಾರಿಗೂ ತೊಂದರಿನ ಇಲ್ರಿ," ಎಂದ ರಾಜಶೇಖರ. ಓಣಿಯೆಲ್ಲ ಹೌದೆಂದು ತಲೆಯಾಡಿಸಿತು.

"ನಾಗರತ್ನಾ, ನಿಂದು?"

"ನಂದು ಲುಂಗಿ ಉಟ್ಟು ನಿಮ್ಮ ಮುಂದ ನಿಂತೈತ್ರಿ ಸರ್."

ರಾಜಶೇಖರ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಪಾಪ, ಉಪವಾಸ ಇದ್ನರಿ," ಎಂದಳು ಶಿವಬಸವ್ವ. "ಗಟಾರದಾಗ ಬಿದ್ದಿದ್ನರಿ," ಎಂದಳು ರೆಹಮತ್‌ಬಿ. ಮಕಬೂಲಸಾಬ ಹೊಲಿದ ಪ್ಯಾಂಟನ್ನು ಎತ್ತಿ ತೋರಿಸಿದ.

ನೀಲಪ್ಪ ಚಾಳೀಸು ಸರಿಮಾಡಿಕೊಂಡ. "ಮನೀ ಮನೀ ಅಡ್ಯಾಡಿ ತೊಂದರಿ ಐತೇನು, ತೊಂದರಿ ಐತೇನು ಅಂತ ಕೇಳಾಕತ್ತಿದ್ನರಿ. ಆವಾಗನ ನನಗ ತಿಳೀತು, ಹುಡುಗ ಏನೋ ಕಷ್ಟದಾಗ ಅದಾನ ಅಂತ."

ಸರ್ ಅವರ ಮುಖ ಅರಳಿತು. ಒಂದೇ ದಿನದಲ್ಲಿ ಇಡೀ ಓಣಿಯ ಸಹಕಾರ ಪಡೆದ ವಿದ್ಯಾರ್ಥಿಯನ್ನು ಅವರು ಕಂಡಿರಲಿಲ್ಲ. ಕೇಸಿನ ಕಡೆ ತಿರುಗಿ ಗೌರವದಿಂದ ಕೇಳಿದರು: "ಉಪಯೋಗ ಆತೇನ್ರಿ?"

ಸರ್ ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಇಲ್ಲ ಎಂದರೆ ನಾಗರತ್ನಾಳೂ ಮುಳುಗುತ್ತಾಳೆ. ಅವಳ ಕಣ್ಣಲ್ಲಿ ಅಂಜಿಕೆಯಿತ್ತು. ರಾಜಶೇಖರನ ಮನಸ್ಸು ಕರಗಿತು.

"ಆತ್ರಿ."

"ಶಾಬಾಸ್ ನಾಗರತ್ನಾ. ರಾಜಶೇಖರ, ನೀ ಮುಂದಿನ ವರ್ಷ ಬಾ," ಎಂದು ಸರ್ ಸ್ಕೂಟರು ಹತ್ತಿದರು.

ಅರಳೆ ಅಂಗಡಿ ಗಟ್ಟಿಯಾಯಿತು. ಆದರೂ ಒಂದು ಆಸೆ ಉಳಿದಿತ್ತು. ಹೊರಟಿದ್ದ ನಾಗರತ್ನಾಳ ಹಿಂದೆ ಅವನು ಲುಂಗಿ ಹಿಡಿದುಕೊಂಡೇ ಓಡಿದ.

"ನಾಳೆ ಕ್ಯಾಂಟೀನಿಗೆ ಚಹಾಕ್ಕ ಬರ್ತೀರೇನ್ರಿ?"

ಅವಳಿಗೆ ನಿಜಕ್ಕೂ ಕೆಡುಕೆನಿಸಿತು. "ಬರ್ತಿದ್ದೆರಿ, ಖರೇನ ಬರ್ತಿದ್ದೆ. ಆದ್ರ ನೀವು ನನ್ನ ಕೇಸು ಅದೀರಲ್ರಿ. ಕೆಲಸ ಮುಗೀತು, ಸಂಬಂಧ ಮುಗೀತು ಅಂತ ಸರ್ ಹೇಳ್ಯಾರ," ಎಂದು ಹೊರಟುಹೋದಳು.

ಕಟ್ಟೆಯ ಮೇಲಿಂದ ನೀಲಪ್ಪ ಕೂಗಿದ: "ಮಾರಿ ಮತ್ತ ಬಾಡೈತಲ್ಲೋ ತಮ್ಮಾ. ಏನರ ತೊಂದರಿ ಐತೇನು?"

ರಾಜಶೇಖರ ಲುಂಗಿ ಬಿಗಿ ಮಾಡಿಕೊಂಡ.

"ನನಗ್ಯಾಕ ಇರ್ತೈತ್ರಿ? ತೊಂದರಿ ಏನಿದ್ರೂ ಹಿಂದಿನ ಓಣ್ಯಾಗ," ಎಂದ.