ಕೊಡ್ಲಿಪೇಟೆಯವರು ಲಂಕೆಗೆ ಹೋದದ್ದು

ನಾಲ್ಕು ಜನ ಸೇರಿ ಒಂದು ಕೆಲಸಕ್ಕೆ ಹೊರಟರೆ ಕೆಲಸಕ್ಕಿಂತ ಅದರ ಸಿದ್ಧತೆಯೇ ದೊಡ್ಡದಾಗುವುದು ನಮ್ಮ ಕೊಡ್ಲಿಪೇಟೆಯಲ್ಲಿ ಹೊಸದೇನಲ್ಲ. ಮದುವೆಗೂ ಹಾಗೇ, ಹಂದಿ ಬೇಟೆಗೂ ಹಾಗೇ. ಆದರೆ ಮಡಿಕೇರಿಯಲ್ಲಿ ಇಂಗ್ಲಿಷ್ ಕಮಿಷನರು ಕೂತಿದ್ದ ಆ ಕಾಲದಲ್ಲಿ ನಾವು ಸಿಲೋನಿಗೆ ಹೊರಟೆವಲ್ಲ, ಆಗ ನಡೆದಷ್ಟು ಮಾತುಕತೆ ರಾಮ ಸೇತುವೆ ಕಟ್ಟುವಾಗಲೂ ನಡೆದಿರಲಾರದು.

೧. ಗೈಡ್ ಆದ ಬಗೆ

ನಾನು ಅಲ್ಲಿಯ ಶಾಲೆಯಲ್ಲಿ ಭೂಗೋಳ, ಚರಿತ್ರೆ ಎರಡನ್ನೂ ಹೇಳಿಕೊಡುತ್ತಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಮಾತಿಗೆ ಬರುತ್ತಿದ್ದವರು ಒಬ್ಬ ಕೊಡವ ಸುಬೇದಾರರು. ಜರ್ಮನ್ ಯುದ್ಧದಲ್ಲಿ ಅರಬರ ದೇಶದ ಬಸ್ರಾ ಕಡೆಗೆಲ್ಲ ಹೋಗಿ ಬಂದು ಪೆನ್ಷನ್ ತೆಗೆದುಕೊಂಡು ಕೂತಿದ್ದರು. ಕೂತು ಬೇಸರವಾಗಿತ್ತು.

ಒಂದು ಸಂಜೆ ಗೋಡೆಯ ನಕ್ಷೆಯ ಮುಂದೆ ನಿಂತು, "ಮೇಷ್ಟ್ರೇ, ಈ ಸಿಲೋನ್ ಇಷ್ಟು ಹತ್ತಿರವಾ? ಒಂದು ಬೆರಳು ಅಗಲ ಕೂಡ ನೀರಿಲ್ಲ. ಹೋಗುವ," ಅಂದರು.

ನನಗೂ ಆಸೆ ಹುಟ್ಟಿತು. "ಅಲ್ಲಿ ಅನುರಾಧಪುರ ಅಂತ ಎರಡು ಸಾವಿರ ವರ್ಷದ ಊರಿದೆ. ಗುಡ್ಡದಷ್ಟು ಎತ್ತರದ ಇಟ್ಟಿಗೆಯ ಸ್ತೂಪಗಳಿವೆ," ಅಂದೆ.

"ಇಟ್ಟಿಗೆ ಗುಡ್ಡವಾ? ನಾವೂ ಬಸ್ರಾದಿಂದ ಮೇಲೆ ಹೋಗುವಾಗ ಒಂದು ನೋಡಿದ್ದು. ಯಾವುದೋ ಮಹಾರಾಜನ ಅರಮನೆ ಅಂತ ಸಾಹೇಬ ಹೇಳಿದ."

"ಹೇಗಿತ್ತು?"

"ಭಾರೀ ಒಳ್ಳೆಯದಿತ್ತು. ಗಾಳಿಗೆ ಮರೆ. ಚಾ ಬೇಗ ಕುದಿಯಿತು."

ಹೀಗೆ ಪ್ರಯಾಣ ಗಟ್ಟಿಯಾಯಿತು. ನಾನೇ ಗೈಡ್ ಎಂದೂ ಅವರೇ ತೀರ್ಮಾನಿಸಿದರು. ನಾನು ಸಿಲೋನ್ ಇರಲಿ, ಸಮುದ್ರವನ್ನೇ ನೋಡಿದವನಲ್ಲ ಎಂದೆ.

"ಅದಕ್ಕೇನು? ನಮ್ಮ ಸಾಹೇಬನೂ ಆ ದೇಶ ನೋಡಿರಲಿಲ್ಲ. ಮ್ಯಾಪ್ ಹಿಡಿದುಕೊಂಡೇ ನಮ್ಮನ್ನು ನಡೆಸಿದ್ದು."

"ಸರಿಯಾಗಿ ತಲುಪಿದಿರಾ?"

"ತಲುಪಿದೆವು. ಬೇರೆ ಊರಿಗೆ."

೨. ಅಲ್ಲೀಗ ಯಾರ ರಾಜ್ಯ?

ನನಗಾಗ ಮದುವೆಯಾಗಿರಲಿಲ್ಲ. ಮನೆಯಲ್ಲಿ ನನಗೆ ಬೇಯಿಸಿ ಹಾಕುತ್ತಿದ್ದವರು ನನ್ನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಹಾಸನದ ಸಂತೆಯಿಂದಾಚೆ ಪ್ರಪಂಚ ನೋಡಿದವರಲ್ಲ. ನಾನು ಲಂಕೆಗೆ ಹೋಗುತ್ತೇನೆಂದು ಹೇಳಿದಾಗ ಒಲೆಯ ಮುಂದಿಂದ ಎದ್ದು ಬಂದರು.

"ಸೀತಮ್ಮನ್ನ ಕೂರ್ಸಿದ್ರಲ್ಲ, ಆ ಅಶೋಕವನ ಅಲ್ಲೇ ಅಲ್ವೇನಪ್ಪ? ಹಂಗಾದ್ರೆ ನಾನೂ ಬತ್ತೀನಿ. ಆ ತಾಯಿ ಒಬ್ಬಳೇ ಕೂತು ಅಳ್ತಿದ್ಲು. ಒಂದು ಜೊತೆ ಬಳೆ, ಒಂದಿಷ್ಟು ಅರಿಸಿನ ಕುಂಕುಮ ಕೊಟ್ಟು ಬರೋಣ."

ಸೀತೆ ಅಲ್ಲಿಂದ ಎಂದೋ ಹೋದಳು ಅಂತ ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ.

ಆ ರಾತ್ರಿ ಊಟ ಬಡಿಸುತ್ತಾ ಕೇಳಿದರು. "ಅಲ್ಲ ಮಗ, ವಿಭೀಷಣನ ವಂಶದೋರೇ ಈಗಲೂ ಆಳ್ತಿದ್ದಾರಾ?"

"ಇಲ್ಲ ಅತ್ತೆ. ಅಲ್ಲಿಯೂ ಇಂಗ್ಲಿಷರೇ."

ಅತ್ತೆ ಸೌಟು ಹಿಡಿದುಕೊಂಡು ನಿಂತೇಬಿಟ್ಟರು. "ಇಲ್ಲೂ ಅವ್ರೇ, ಅಲ್ಲೂ ಅವ್ರೇನಾ? ಹಂಗಾದ್ರೆ ರಾಮ ಸುಮ್ನೆ ಅಷ್ಟೊಂದು ಕಷ್ಟಪಟ್ಟ, ಬಿಡು."

೩. ಶಾಸ್ತ್ರದ ಮಾತು

ನಮ್ಮ ಪ್ರಯಾಣದ ಸುದ್ದಿ ದೇವಸ್ಥಾನದ ಭಟ್ಟರ ಮನೆಗೆ ಮುಟ್ಟಿತು. ಭಟ್ಟರ ಹೆಂಡತಿ ಚಿಕ್ಕಂದಿನಿಂದ ಸಮುದ್ರ ನೋಡಬೇಕೆಂದು ಆಸೆಪಟ್ಟವರು. ಮಕ್ಕಳಿಲ್ಲ, ಗಂಡ, ದೇವರು, ನೈವೇದ್ಯ ಇಷ್ಟರಲ್ಲೇ ಅರ್ಧ ಆಯುಷ್ಯ ಕಳೆದಿತ್ತು. "ನಾವೂ ಹೋಗೋಣ ರೀ," ಅಂದರು. ಭಟ್ಟರು ಸಮುದ್ರ ದಾಟುವುದು ಶಾಸ್ತ್ರಕ್ಕೆ ವಿರುದ್ಧ ಎಂದು ಎದ್ದು ನಿಂತರು. ನಾನು ಅವರ ಜಗಲಿಯಲ್ಲಿ ಕೂತಿದ್ದಾಗಲೇ ವಾದ ನಡೆಯಿತು.

"ಹನುಮಂತ ದಾಟಲಿಲ್ವಾ? ಅವನಿಗೆ ದಿನಾ ಮಂಗಳಾರತಿ ಎತ್ತೋರು ನೀವೇ."

"ಅವನು ಹಾರಿದ. ನೀರು ಮುಟ್ಟಲಿಲ್ಲ."

"ನಾವೂ ಮುಟ್ಟಲ್ಲ. ಹಡಗಿನಲ್ಲಿ ಕೂತಿರ್ತೀವಿ."

ಭಟ್ಟರು ನನ್ನನ್ನು ಕರೆದುಕೊಂಡು ಕೆರೆಯ ಕಡೆ ನಡೆದರು. ಏರಿಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದರು. ಆಮೇಲೆ ದನಿ ತಗ್ಗಿಸಿ, "ಮೇಷ್ಟ್ರೇ, ಶಾಸ್ತ್ರ ಒಂದು ಕಡೆ ಇರಲಿ. ಅವಳಿಗೆ ಈಜು ಬರಲ್ಲ. ಏನಾದರೂ ಆದರೆ?" ಅಂದರು.

ಅಷ್ಟು ವರ್ಷದಲ್ಲಿ ಅವರು ಹೆಂಡತಿಯ ಬಗ್ಗೆ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಮಾಧಾನ ಹೇಳೋಣವೆಂದು, "ನಿಮಗೆ ಈಜು ಬರುತ್ತದಲ್ಲ?" ಅಂದೆ.

"ಬಂದಿದ್ದರೆ ಶಾಸ್ತ್ರ ಯಾಕೆ ಹೇಳ್ತಿದ್ದೆ!"

೪. ಹಲಸಿನ ಮರದ ಹಡಗು

ಭಟ್ಟರು ಒಪ್ಪಿದ್ದು ಸುಬೇದಾರರಿಂದ. ಹಡಗಿನ ಓಲಾಟ ಮೊದಲೇ ಅಭ್ಯಾಸವಾದರೆ ಹೆದರಿಕೆ ಇರುವುದಿಲ್ಲ ಎಂದು ಅವರು ಶಾಲೆಯ ಹಿಂದಿನ ಹಲಸಿನ ಮರಕ್ಕೆ ಹಗ್ಗ, ಹಲಗೆ ಕಟ್ಟಿಸಿ ಉಯ್ಯಾಲೆ ಮಾಡಿಸಿದರು. ಭಾನುವಾರ ಎಲ್ಲರೂ ಹಾಜರಾಗಬೇಕೆಂದು ಆರ್ಡರಾಯಿತು.

"ಫಾಲ್ ಇನ್!" ಅಂದರು ಸುಬೇದಾರರು. ಅತ್ತೆ ನನ್ನ ಮುಖ ನೋಡಿ, "ಬೀಳು ಅಂತಾವರಾ?" ಎಂದು ಹೆದರಿದರು. ಸಾಲಾಗಿ ನಿಲ್ಲಬೇಕು ಅಷ್ಟೇ ಎಂದು ವಿವರಿಸಿದೆ.

ಅತ್ತೆ ಕೂತರು, ಕಣ್ಣು ಮುಚ್ಚಿ ರಾಮ ರಾಮ ಅಂದು ಇಳಿದರು. ಭಟ್ಟರು ಕೂತರು; ತಂಪು ಗಾಳಿಗೆ ನಿದ್ದೆ ಹೋದರು, ಇಳಿಸಿ ಶಾಲೆಯ ಗೋಡೆಗೆ ಒರಗಿಸಿದೆವು. ಭಟ್ಟರ ಹೆಂಡತಿ ಕೂತವರು ಇಳಿಯಲೇ ಇಲ್ಲ. ಉಯ್ಯಾಲೆ ಆಡಿದ್ದು ಮದುವೆಗೆ ಮುಂಚೆಯೇ ಕಡೆಯಂತೆ. ಕಾಲು ಚಾಚಿ, ಸೆರಗು ಸಿಕ್ಕಿಸಿ, ಹಲಸಿನ ಎಲೆ ಮುಟ್ಟುವ ತನಕ ಜೀಕಿದರು. ಅವರ ನಗು ರಸ್ತೆಯವರೆಗೆ ಕೇಳಿಸುತ್ತಿತ್ತು. ಆ ನಗುವಿಗೆ ಎಚ್ಚರಾದ ಭಟ್ಟರು ಹೆಂಡತಿಯನ್ನು ನೋಡಿ, "ಆಯ್ತು, ಹೋಗೋಣ," ಅಂದರು. ಯಾರೂ ಏನೂ ಕೇಳಿರಲಿಲ್ಲ.

ಕೊನೆಗೆ ನನ್ನ ಸರದಿ. ಸುಬೇದಾರರು ನಾಲ್ಕು ಸಲ ಜೋರಾಗಿ ದೂಡಿದರು. ಹಡಗನ್ನು ಕಣ್ಣಲ್ಲಿ ನೋಡುವ ಮೊದಲೇ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ ಗೈಡ್ ಲೋಕದಲ್ಲಿ ನಾನೊಬ್ಬನೇ ಇರಬೇಕು.

೫. ಯಾವ ಎಸ್ಟೇಟ್?

ಹಾಸನದಲ್ಲಿ ರೈಲು ಹತ್ತಿ, ಮೈಸೂರು ಸೀಮೆ, ತಮಿಳು ಸೀಮೆ ಎಲ್ಲ ದಾಟಿ ರಾಮೇಶ್ವರದ ಹತ್ತಿರ ಮಂಡಪಂ ಎಂಬ ಊರಿಗೆ ಬಂದೆವು. ಸಿಲೋನಿಗೆ ಹೋಗುವವರಿಗೆ ರೋಗರುಜಿನ ಇಲ್ಲವೆಂದು ಅಲ್ಲಿ ನೋಡಿಯೇ ಬಿಡುತ್ತಿದ್ದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಟೀ ತೋಟಗಳಿಗೆ ಹೊರಟ ಕೂಲಿಯವರು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ನಮ್ಮನ್ನೂ ಹಾಗೇ ತಿಳಿದ. ಅತ್ತೆ ಎಲ್ಲರಿಗಿಂತ ಮುಂದಿದ್ದರು.

"ಎಂದ ಎಸ್ಟೇಟ್?" ಎಂದು ತಮಿಳಿನಲ್ಲಿ, ಯಾವ ಎಸ್ಟೇಟ್ ಅಂತ ಕೇಳಿದ.

ಕೊಡಗಿನಲ್ಲಿದ್ದವರಿಗೆ ಎಸ್ಟೇಟ್ ಅನ್ನುವ ಮಾತು ಗೊತ್ತಿಲ್ಲದೆ ಇರುತ್ತದೆಯೇ? ತೋಟದ ಹೆಸರು ಕೇಳುತ್ತಿದ್ದಾನೆಂದು ಅತ್ತೆಗೆ ಕೂಡಲೇ ತಿಳಿಯಿತು. "ಅಶೋಕವನ," ಅಂದರು.

ಅವನು ಬರೆಯಲು ಹೋಗಿ ನಿಲ್ಲಿಸಿದ. ಪಕ್ಕದವನನ್ನು ಕೇಳಿದ. ಅವನಿಗೂ ಗೊತ್ತಿರಲಿಲ್ಲ. "ಪುದು ಎಸ್ಟೇಟಾ?" ಎಂದು, ಹೊಸ ತೋಟವೇ ಅಂತ ವಿಚಾರಿಸಿದ.

ನಾನು ವಿವರಿಸಬೇಕು ಅನ್ನುವಷ್ಟರಲ್ಲಿ ಸುಬೇದಾರರು ಎದೆ ಸೆಟೆದು ಮುಂದೆ ಬಂದರು.

"ಹೊಸತಲ್ಲ, ತುಂಬಾ ಹಳೇ ಎಸ್ಟೇಟ್. ಮೊದಲಿದ್ದ ದೊರೆಗೆ ಹತ್ತು ತಲೆ."

೬. ಸಮುದ್ರದ ಬಣ್ಣ

ಧನುಷ್ಕೋಟಿಯಲ್ಲಿ ಹಡಗು ಹತ್ತಿದ್ದು ಹಗಲು ಹೊತ್ತಿನಲ್ಲಿ. ಭಟ್ಟರು ಒಂದು ಉಪಾಯ ಕಂಡುಕೊಂಡಿದ್ದರು: ಕಣ್ಣಿಗೆ ಕಾಣದ್ದನ್ನು ದಾಟಿದ ಹಾಗಾಗುವುದಿಲ್ಲ. ಹಲಗೆ ತುಳಿಯುವ ಮೊದಲೇ ಕಣ್ಣು ಮುಚ್ಚಿಕೊಂಡು ಹೆಂಡತಿಯ ಸೆರಗಿನ ತುದಿ ಹಿಡಿದರು. ದಡ ಬಿಟ್ಟ ಮೇಲೆ ಆ ತುದಿ ಅವರ ಮುಷ್ಟಿಯಲ್ಲಿ ಇನ್ನೂ ಗಟ್ಟಿಯಾಯಿತು.

ಆಕೆ ಕಂಬಿ ಹಿಡಿದು ನಿಂತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಸೆರಗು ಕೈಯಲ್ಲಿರಲಿಲ್ಲ.

"ಏನಾಯ್ತೇ? ಹೇಗಿದೆ ಹೇಳು," ಅಂದರು ಭಟ್ಟರು.

"ಮಳೆಗಾಲದಲ್ಲಿ ಹೊಳೆ ತುಂಬಿರುತ್ತಲ್ಲ, ಹಾಗಿದೆ. ಆಚೆ ದಡ ಮಾತ್ರ ಯಾರೋ ಎತ್ತಿಕೊಂಡು ಹೋಗಿದ್ದಾರೆ."

"ಬಣ್ಣ?"

"ಮದುವೆಯಲ್ಲಿ ನೀವು ತಂದ ಸೀರೆ ಇದೆಯಲ್ಲ, ಅದೇ ಬಣ್ಣ."

ಭಟ್ಟರು ಯೋಚಿಸಿದರು. "ಅದು ಹಸಿರಲ್ವಾ?"

"ಆಗ ಹಸಿರು. ಒಗೆದು ಒಗೆದು ನೀಲಿಯಾಗಿ ಎಷ್ಟೋ ವರ್ಷ ಆಯ್ತು. ನೀವು ಕಣ್ಣು ಮುಚ್ಚಿಕೊಂಡಿದ್ದು ಇವತ್ತೇನಲ್ಲ, ಬಿಡಿ."

೭. ತಡವಾಯಿತು

ಅನುರಾಧಪುರದಲ್ಲಿ ಸುಬೇದಾರರು ಸ್ತೂಪವನ್ನು ಮೂರು ಸುತ್ತು ಸುತ್ತಿ, ಇದರ ಮರೆಯಲ್ಲಿ ಒಂದು ಪಲ್ಟನ್ನಿಗೇ ಚಾ ಕಾಯಿಸಬಹುದು ಎಂದು ಒಪ್ಪಿಕೊಂಡರು. ಸೀತೆಯ ಜಾಗ ಎಂದು ಹೇಳುವುದು ಬಹಳ ದೂರದ ಬೆಟ್ಟದ ಮೇಲೆ. ಅಲ್ಲಿಗೆ ಹೋಗುವಷ್ಟು ರಜೆ ನನಗಿರಲಿಲ್ಲ. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಕಾಣಲಿಲ್ಲ. ಹುಡುಕಿದರೆ ಒಂದು ದೊಡ್ಡ ಮರದ ಕೆಳಗೆ ನಿಂತಿದ್ದಾರೆ. ಅಲ್ಲೊಬ್ಬ ಸಿಂಹಳದ ಹೆಂಗಸು ಮೊಣಕಾಲಿಗೆ ಮುಖ ಒತ್ತಿ ಒಬ್ಬಳೇ ಅಳುತ್ತಿದ್ದಳು. ಏನು ಸಂಕಟವೋ, ನಮಗೆ ಭಾಷೆ ಬಾರದು. ಮಗ್ಗುಲಲ್ಲಿ ಒಂದು ಕೂಸು ಮಲಗಿತ್ತು. ಅತ್ತೆ ಗಂಟು ಬಿಚ್ಚಿ ಬಳೆ ತೆಗೆದು ಅವಳ ಕೈಗೆ ತೊಡಿಸಿದರು. ಕುಂಕುಮದ ಭರಣಿಯನ್ನು ಮಾತ್ರ ಭಟ್ಟರ ಹೆಂಡತಿಯ ಕಡೆ ನೀಡಿ, "ನೀನಿಡವ್ವ. ನಾನು ಇಡಬಾರದು," ಅಂದರು.

ಭಟ್ಟರ ಹೆಂಡತಿ ಭರಣಿ ತೆಗೆದುಕೊಳ್ಳಲಿಲ್ಲ. "ಇಲ್ಲಿ ಕೊಡ್ಲಿಪೇಟೆಯೋರು ಯಾರಿದ್ದಾರೆ? ನೀವೇ ಇಡಿ," ಅಂದರು.

ಎಷ್ಟೋ ವರ್ಷದ ಮೇಲೆ ಅತ್ತೆಯ ಬೆರಳಿಗೆ ಕುಂಕುಮ ತಾಗಿತು. ಅಭ್ಯಾಸ ತಪ್ಪಿ ಅವಳ ಹಣೆಯ ಮೇಲೆ ಬೊಟ್ಟು ಓರೆಯಾಯಿತು. ಆ ಹೆಂಗಸು ಅಳು ನಿಲ್ಲಿಸಿ ಅವರ ಮುಖ ನೋಡಿ ನಕ್ಕಳು.

ದಾರಿಯಲ್ಲಿ ಅತ್ತೆ, "ಸಿಕ್ಕಿದ್ಲಲ್ಲ ಸೀತಮ್ಮ," ಅಂದರು. ನನ್ನ ಚರಿತ್ರೆಯ ಬುದ್ಧಿ ಸುಮ್ಮನಿರಬೇಕಲ್ಲ? "ಅತ್ತೆ, ಅಶೋಕವನದಲ್ಲಿದ್ದಾಗ ಸೀತೆಗೆ ಮಗು ಎಲ್ಲಿತ್ತು?" ಅಂದೆ.

"ನೀನು ನಕ್ಷೆ ಬಿಡಿಸ್ತಾ, ಉಯ್ಯಾಲೆ ಆಡ್ತಾ ಕೂತೆ. ಅಷ್ಟರಲ್ಲಿ ಅವಳಿಗೆ ಹೆರಿಗೇನೂ ಆಯ್ತು!"

೮. ಪ್ರಾಯಶ್ಚಿತ್ತ

ಊರಿಗೆ ಬಂದಾಗ ದೇವಸ್ಥಾನದ ಹಿರಿಯರು ಕಾದು ಕೂತಿದ್ದರು. ಸಮುದ್ರ ದಾಟಿದವರು ಗರ್ಭಗುಡಿಯೊಳಗೆ ಹೋಗುವುದು ಹೇಗೆ?

"ನಾನು ಸಮುದ್ರವನ್ನು ನೋಡಿಯೇ ಇಲ್ಲ. ದೇವರಾಣೆ," ಅಂದರು ಭಟ್ಟರು. ಗೈಡ್ ಆದ ನಾನು ಸಾಕ್ಷಿ ಹೇಳಿದೆ. ಹಿರಿಯರು ಆಕೆಯ ಕಡೆ ತಿರುಗಿದರು.

"ನಾನು ಕಣ್ತುಂಬ ನೋಡಿದೀನಪ್ಪ," ಅಂದುಬಿಟ್ಟರು ಭಟ್ಟರ ಹೆಂಡತಿ.

ಹಾಗಾದರೆ ಅವರಿಗೆ ಪ್ರಾಯಶ್ಚಿತ್ತ ಆಗಲೇಬೇಕು. ಏನೆಂದು ಭಟ್ಟರೇ ಹೇಳಲಿ ಅಂದರು ಹಿರಿಯರು. ಭಟ್ಟರು ತಲೆ ಬಗ್ಗಿಸಿ ಯೋಚಿಸಿದರು. ರೈಲಿನಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಆಕೆಯ ಪಾದ ಊದಿಕೊಂಡಿತ್ತು. ಅವರ ದೃಷ್ಟಿ ಅಲ್ಲೇ ಇತ್ತು. ಆಮೇಲೆ ಗಂಭೀರವಾಗಿ, "ಮೂರು ದಿನ ಅಡುಗೆಮನೆಯ ಹೊಸ್ತಿಲು ತುಳಿಯಬಾರದು. ಪಾತ್ರೆ ಮುಟ್ಟಬಾರದು, ಒಲೆ ಹಚ್ಚಬಾರದು," ಎಂದು ತೀರ್ಪು ಕೊಟ್ಟರು. ಕಠಿಣವಾಯಿತೆಂದು ಹಿರಿಯರಿಗೇ ಕನಿಕರವಾಯಿತು.

ಮೂರನೆಯ ದಿನ ನೋಡಿ ಬರೋಣವೆಂದು ಹೋದೆ. ಆಕೆ ಜಗಲಿಯ ಮೇಲೆ ಕಾಲು ನೀಡಿ, ಗೋಡೆಗೊರಗಿ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಸೀದ ಸಾರಿನ ವಾಸನೆ. ಜೊತೆಗೆ ಭಟ್ಟರ ಕೂಗು: "ಲೇ, ಉಪ್ಪು ಒಂದು ಸಲ ಹಾಕಿದ್ನಾ, ಎರಡು ಸಲ ಹಾಕಿದ್ನಾ?"

"ನನಗೆ ಹೇಗೆ ಗೊತ್ತಾಗಬೇಕು? ನಾನು ಒಳಗೆ ಬರೋ ಹಾಗಿಲ್ಲವಲ್ಲ," ಎಂದು ಆಕೆ ಇಲ್ಲಿಂದಲೇ ಕೂಗಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ ಕೇಳಿದರು:

"ಮೇಷ್ಟ್ರೇ, ಇದು ಹೋಗುವಾಗ ದಾಟಿದ್ದಕ್ಕೆ ಆಯ್ತು. ಬರುವಾಗಲೂ ದಾಟಿದ್ದೀವಲ್ಲ, ಅದಕ್ಕೆ ಬೇರೆ ಮೂರು ದಿನ ಆಗಬೇಕಲ್ವಾ? ನೀವೇ ಸ್ವಲ್ಪ ಅವರಿಗೆ ನೆನಪು ಮಾಡಿ."