ಫ್ರೆಂಚ್ ಪ್ರೇಮಚಿತ್ರಕ್ಕೆ ಏಳು ಹಾಡು ಮಂಜೂರಾದದ್ದು

ಹಿರೇಕೆರೂರು ತಾಲೂಕು ಚಲನಚಿತ್ರ ರಸಗ್ರಹಣ ಸಮಿತಿಯು ಆ ಸಿನಿಮಾವನ್ನು ನೋಡುವ ಮೂರು ದಿನ ಮೊದಲೇ ಮೆಚ್ಚಿಕೊಂಡಿತ್ತು. ವರದಿ ಸೋಮವಾರ ಹಾವೇರಿಯ ಜಿಲ್ಲಾ ಕಚೇರಿಗೆ ಮುಟ್ಟಬೇಕಿತ್ತು, ಪ್ರದರ್ಶನ ಗುರುವಾರವಿತ್ತು. ಆದ್ದರಿಂದ ಇದರಲ್ಲಿ ಲೋಪವೇನೂ ಇರಲಿಲ್ಲ.

ಚಿತ್ರ ಫ್ರಾನ್ಸಿನದು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿದ್ದ ಕಾಲದ ಪ್ರೇಮಕಥೆ. ‘ಇದರ ಏಳೂ ಹಾಡುಗಳು ಮನಸೂರೆಗೊಳ್ಳುತ್ತವೆ’ ಎಂದು ಸಮಿತಿಯ ಕಾರ್ಯದರ್ಶಿ ಚನ್ನೇಶ ಅವರು ವರದಿಯಲ್ಲಿ ಬರೆದಿದ್ದರು.

ಗುರುವಾರ ತಾಲೂಕು ಕಚೇರಿಯ ನೌಕರರೆಲ್ಲ ಹಾಜರಿ ಹಾಕಿ, ಆದೇಶದಂತೆ ರಸ ಗ್ರಹಿಸುತ್ತ ನಿದ್ದೆಹೋದರು. ಎಚ್ಚರವಿದ್ದವಳು ಸಭಾಭವನದ ಕಸ ಗುಡಿಸುವ ಗುತ್ತೆವ್ವ ಒಬ್ಬಳೇ. ದೀಪ ಹತ್ತಿದಾಗ ಅವಳು ಅಳುತ್ತಿದ್ದಳು. ಚನ್ನೇಶ ಅವರು ವಿಚಾರಣೆಗೆ ಕರೆದರು.

“ಯಾಕ ಅತ್ತಿ?”

“ಅಂವ ಊರು ಬಿಟ್ಟು ಹೊಂಟಾನ್ರಿ. ತಡೀಬೇಕಂದ್ರ ಆಕಿಗೆ ಬಾಯೇ ಬರೂದಿಲ್ಲ. ಒಲಿ ಮ್ಯಾಲಿನ ನೀರು ಕುದಿಯೂ ಸಪ್ಪಳ ಒಂದ ಕೇಳಸ್ತದ. ನಮ್ಮ ಮನಿಯವ್ರು ಬಿಟ್ಟು ಹೋದಾಗ ನಾನೂ ಹಂಗ ನಿಂತಿದ್ದೆರಿ.”

“ಆ ಭಾಷಾ ನಿನಗ ತಿಳೀತೇನು?”

“ಮಾತಾಡಿದ್ದು ತಿಳೀಲಿಲ್ಲರಿ. ಸುಮ್ಮನಿದ್ದದ್ದು ತಿಳೀತು.”

“ಹಾಡು ಎಷ್ಟಿದ್ದುವು?”

“ಒಂದೂ ಇಲ್ಲರಿ.”

ಪ್ರೇಕ್ಷಕರ ಪಟ್ಟಿಯಲ್ಲಿ ಹೆಸರಿಲ್ಲದೆ, ಪೂರ್ವಾನುಮತಿಯೂ ಇಲ್ಲದೆ ರಸಗ್ರಹಣ ಮಾಡಿದ್ದಕ್ಕಾಗಿ ಕೆಲಸದಿಂದ ಏಕೆ ತೆಗೆಯಬಾರದೆಂದು ಅವಳಿಗೆ ನೋಟಿಸ್ ಹೋಯಿತು. ಕಣ್ಣಿಗೆ ಧೂಳು ಬಿದ್ದಿತ್ತು, ಏಳೂ ಹಾಡು ಕೇಳಿದ್ದೇನೆ ಎಂಬ ಉತ್ತರವನ್ನು ಕಚೇರಿಯೇ ಬರೆದುಕೊಟ್ಟಿತು.

ಹೆಬ್ಬೆಟ್ಟು ಒತ್ತುವ ಮುಂಚೆ ಗುತ್ತೆವ್ವ ಕೇಳಿದಳು: “ಹಾಡು ಕೇಳೇನಂತ ಬರಕೊಳ್ರಿ ಸಾಹೇಬ್ರ. ಆಕಿ ಸುಮ್ಮನ ನಿಂತಿದ್ಲು ಅನ್ನೂದೂ ಒಂದು ಸಾಲು ಬರೀರಿ.”

“ಅದಕ್ಕ ಫಾರ್ಮಿನಾಗ ಜಾಗಾ ಇಲ್ಲ.”

ಅವಳು ಒತ್ತಿದಳು. ಕೆಲಸ ಉಳಿಯಿತು.

ಕಳಿಸಿದ ವರದಿಯನ್ನು ತಿದ್ದಲು ಅವಕಾಶವಿಲ್ಲದ್ದರಿಂದ ಚಿತ್ರವನ್ನೇ ತಿದ್ದಲಾಯಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರುಗಳಲ್ಲಿ ಅದರ ಧ್ವನಿ ಬಂದ್ ಮಾಡಿ, ಮದುವೆ ಆರ್ಕೆಸ್ಟ್ರಾದ ಮುಬಶೀರ ಪರದೆಯ ಪಕ್ಕದಲ್ಲಿ ನಿಂತು ಏಳು ಹಾಡು ಹಾಡಿದ. ಅಗಲಿಕೆಯ ದೃಶ್ಯಕ್ಕೆ ಬಂದದ್ದು ವರಾತದ ಮೆರವಣಿಗೆಯಲ್ಲಿ ಕುಣಿಯುವ ಹಾಡು. ಅಲ್ಲಿ ಯಾರೂ ಅಳಲಿಲ್ಲವೆಂದು ಮೂರೂ ತಾಲೂಕುಗಳು ದೃಢೀಕರಿಸಿದವು.

ಚನ್ನೇಶ ಅವರನ್ನು ‘ಜಿಲ್ಲಾ ರಸಿಕ’ರೆಂದು ಶಾಲು ಹೊದಿಸಿ ಸನ್ಮಾನಿಸಲಾಯಿತು. ಕುರ್ಚಿ ಹಾಕಲು ಬಂದಿದ್ದ ಗುತ್ತೆವ್ವನೂ ಗೋಡೆಗೆ ಒರಗಿ ನಿಂತು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದಳು. ಈ ಸಲ ಅವಳ ಹೆಸರು ಚಪ್ಪಾಳೆ ತಟ್ಟುವವರ ಪಟ್ಟಿಯಲ್ಲಿತ್ತು.