ಭಾವನ ಕಾರಿಗೆ ಬಾಲ ಬಂತು

ಈ ಭೂಮಿಯ ಮೇಲೆ ನಮ್ಮ ಭಾವನಷ್ಟು ಶ್ರದ್ಧೆಯಿಂದ ಸಲಹೆ ಕೇಳುವ ಮನುಷ್ಯ ಇನ್ನೊಬ್ಬನಿರಲಾರ. ನೀವು ಹೇಳುತ್ತಿದ್ದರೆ ತಲೆಯಾಡಿಸುತ್ತಾರೆ, ‘ಮತ್ತ? ಮುಂದ?’ ಎಂದು ಕೆದಕುತ್ತಾರೆ, ಕೊನೆಗೆ ನಿಮ್ಮ ಬೆನ್ನು ತಟ್ಟಿ ಹೋಗಿ ಅದಕ್ಕೆ ತದ್ವಿರುದ್ಧವಾಗಿ ಮಾಡುತ್ತಾರೆ. ತದ್ವಿರುದ್ಧ ಮಾಡಬೇಕಾದರೆ ಸರಿಯಾದದ್ದು ಯಾವುದೆಂದು ಮೊದಲು ತಿಳಿದಿರಬೇಕಲ್ಲ, ಅದಕ್ಕೇ ಕೇಳುವುದು! ಅಂಥವರು ಒಂದು ದಿನ ನನಗೆ ಫೋನು ಮಾಡಿ, “ತಮ್ಮಾ, ಒಂದು ಕ್ಯಾರವಾನ್ ತಗೊಂಡೀನಿ. ಹೆಂಗ ಎಳೀಬೇಕು, ಸ್ವಲ್ಪ ಓದಿ ಹೇಳು” ಎಂದಾಗ ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ಕ್ಯಾರವಾನ್ ಎಂದರೆ ಕಾರಿನ ಬೆನ್ನಿಗೆ ಬಾಲದಂತೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಒಳಗೇ ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುತ್ತದೆ. ಅದನ್ನು ಕೊಂಡದ್ದು ಶೋಕಿಗಲ್ಲ, ನಮ್ಮ ಅಕ್ಕನಿಗಾಗಿ. ಹೊಟ್ಟೆಯ ದೊಡ್ಡ ಆಪರೇಷನ್ ಆದಮೇಲೆ ಅಕ್ಕ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಡಾಕ್ಟರು ಹೊರಗೆ ಓಡಾಡಿ ಎಂದರೂ, ದಾರಿಯಲ್ಲಿ ಮಲಗಬೇಕೆನಿಸಿದರೆ, ಬಾತ್‌ರೂಮಿಗೆ ಅವಸರವಾದರೆ ಏನು ಗತಿ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅವಳ ಮೌನ. ಮೈಸೂರಿನಲ್ಲಿ ಬೆಳೆದ ನಮ್ಮ ಅಕ್ಕ ಬೈಯಲು ನಿಂತರೆ, ಇಲ್ಲಿ ಒಂಟಾರಿಯೊದ ಏರ್‌ಪೋರ್ಟಿನ ಪಕ್ಕ, ಮಾಲ್ಟನ್ನಿನ ಅವರ ಮನೆಯ ಮೇಲೆ ಹಾರುವ ವಿಮಾನದ ಸದ್ದೂ ಅಡಗುತ್ತಿತ್ತು! ಈಗ ಏನು ಕೇಳಿದರೂ ‘ನಿಮ್ಮಿಷ್ಟ’. ಅನ್ನವೋ ಚಪಾತಿಯೋ ಎಂದರೆ ನಿಮ್ಮಿಷ್ಟ, ಕಿಟಕಿ ತೆಗೆಯಲೋ ಮುಚ್ಚಲೋ ಎಂದರೂ ನಿಮ್ಮಿಷ್ಟ. “ಆಕಿ ಹೊರಗ ಬರೂದಿಲ್ಲಂದ್ರ ಮನೀನ ಕಾರಿಗೆ ಕಟ್ಟಿ ಆಕಿನ್ನ ಕರಕೊಂಡು ಹೋಗ್ತೀನಿ. ನಾಕು ಮಂದೀನ, ನೀರು-ಗಿಡಾ ನೋಡಿದ್ರ ಮಾತಾಡ್ತಾಳ” ಎಂದರು ಭಾವ. ಇದಕ್ಕೆ ಬೇಡವೆನ್ನುವುದು ಹೇಗೆ, ನೀವೇ ಹೇಳಿ. ಆದರೆ ಆ ಕಾರಿನಲ್ಲಿ ಕೂರುವವಳೂ ನನ್ನ ಅಕ್ಕನೇ ತಾನೆ?

ಓದಿ ಹೇಳಿದೆ. ಹಿಂದಿನದು ಕಾಣುವಂತೆ ಪಕ್ಕದ ಕನ್ನಡಿಗೆ ಉದ್ದ ಕನ್ನಡಿ ಸೇರಿಸಿ ಎಂದೆ. “ನನಗ ಹಿಂದಿಂದು ನೋಡೋ ಚಟಾ ಇಲ್ಲ” ಎಂದರು. ಕೊಂಡಿ ಕಳಚಿದರೆ ಹಿಡಿದುಕೊಳ್ಳಲು ಸರಪಳಿಗಳನ್ನು ಅಡ್ಡಡ್ಡ ಕಟ್ಟಿ ಎಂದೆ. “ಕಳಚೋದ್ಯಾಕ? ಅಪಶಕುನ ನುಡೀಬ್ಯಾಡ” ಎಂದರು. ಸರಪಳಿಯನ್ನು ಆಮೇಲೆ ನಾನೇ ಹೋಗಿ ಕಟ್ಟಿದೆ. ಭಾರದ್ದೆಲ್ಲ ಗಾಲಿಯಿಂದ ಮುಂದಕ್ಕೆ ಇರಬೇಕು, ಹಿಂದೆ ಇಟ್ಟರೆ ಬಾಲ ಅಲ್ಲಾಡುತ್ತದೆ ಎಂದೆ. ಇದಕ್ಕೆ ಮಾತ್ರ ಅವರಿಗೆ ಸಿಟ್ಟೇ ಬಂತು. “ಏ, ನಾ ಏರ್‌ಪೋರ್ಟಿನಾಗ ವಿಮಾನಕ್ಕ ಸಾಮಾನು ತುಂಬಸಾಂವ. ಭಾರದ ಪಾಠ ನನಗ ಹೇಳ್ತಿ?” ಹೌದಲ್ಲ, ಇದೊಂದನ್ನಾದರೂ ಸರಿಯಾಗಿ ಮಾಡುತ್ತಾರೆ ಎಂದು ಸುಮ್ಮನಾದೆ.

ಮೊದಲು ಪೂಜೆ. ಕ್ಯಾರವಾನ್ ಮಾರಿದ ಅಂಗಡಿಯವನು ಕಾರನ್ನೂ ಬಾಲವನ್ನೂ ಸೇರಿಸಿ ತಂದು, ಕಾರಿನ ಮೂತಿ ಗ್ಯಾರೇಜಿನ ಬಾಗಿಲಿಗೆ ಇನ್ನೇನು ತಾಗುವಂತೆ ನಿಲ್ಲಿಸಿ ಹೋಗಿದ್ದ. ಬಾಲದ ಹಿಂಭಾಗ ಫುಟ್‌ಪಾತಿಗೆ ಚಾಚಿತ್ತು. ಭಟ್ಟರು ಒಂದೊಂದು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಮಂಗಳಾರತಿ ಮಾಡಿ, “ಗಾಡಿ ಮುಂದಕ್ಕೆ ಬಿಡಿ. ಪೂಜೆಯಾದ ಗಾಡಿ ಹಿಂದೆ ಹೋಗಬಾರದು” ಎಂದರು. ಮುಂದೆ ಎಲ್ಲಿದೆ ಜಾಗ?

“ಭಾವ, ಗ್ಯಾರೇಜಿನ ಬಾಗಿಲು ಇದೆ!”

“ಗೇಣು ಜಾಗಾ ಐತಿ ಬಿಡು. ನಿಂಬಿಹಣ್ಣು ಒಡೀಲಿಕ್ಕ ಅಷ್ಟ ಸಾಕು.”

ಸಾಕಾಯಿತು. ನಿಂಬೆಹಣ್ಣುಗಳೂ ಒಡೆದವು, ಗ್ಯಾರೇಜಿನ ಬಾಗಿಲೂ ಒಡೆಯಿತು. ಭಟ್ಟರು ಮಾತ್ರ ದೃಷ್ಟಿ ಪೂರ್ತಿ ಹೋಯಿತೆಂದು ಸಂತೋಷಪಟ್ಟರು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅಕ್ಕ ಒಂದು ಮಾತೂ ಆಡಲಿಲ್ಲ. ಮೊದಲಿನ ಅಕ್ಕನಾಗಿದ್ದರೆ ಆ ಬಾಗಿಲಿಗಾಗಿ ಭಾವನ ಏಳು ತಲೆಮಾರನ್ನು ಕರೆಸಿ ನಿಲ್ಲಿಸುತ್ತಿದ್ದಳು. ಭಾವ ಅವಳ ಮುಖವನ್ನೇ ನೋಡಿ ನೋಡಿ, ಸಪ್ಪಗಾಗಿ ಒಳಗೆ ಹೋದರು.

ಆಮೇಲೆ ರಿವರ್ಸು ಕಲಿಸುವ ನನ್ನ ದುರದೃಷ್ಟ. ಕ್ಯಾರವಾನ್ ಮಾರಿದವನನ್ನೇ ಮತ್ತೆ ಕರೆಸಿ ಗಾಡಿಯನ್ನು ರಸ್ತೆಗೆ ತೆಗೆಸಿ, ಭಾನುವಾರ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲೇ ಭಾವನನ್ನು ಎರಿನ್ ಮಿಲ್ಸಿನ ಮಾಲಿನ ಖಾಲಿ ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಸ್ಟೀರಿಂಗಿನ ತಳದಲ್ಲಿ ಕೈಯಿಡಿ, ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ, ನಿಧಾನ, ನಿಧಾನ ಎಂದೆ. ಮೂರು ಮಾರು ಹೋಗುವುದರೊಳಗೆ ಕಾರೂ ಬಾಲವೂ ಮಡಿಸಿದ ಚಾಕುವಿನಂತಾಗಿ, ಮಾಲಿನ ತಳ್ಳುಗಾಡಿಗಳ ಸಾಲು ಅಂಗಾತ ಬಿತ್ತು.

“ಧಾರವಾಡದಾಗ ಟ್ರ್ಯಾಕ್ಟರ್‌ಗೆ ಕಬ್ಬಿನ ಟ್ರೇಲರ್ ಕಟ್ಟಿ ಓಡಿಸೀನಿ ನಾ. ಇದ್ಯಾವ ಲೆಕ್ಕ!”

“ಅಲ್ಲಿ ರಿವರ್ಸ್ ಹೇಗೆ ತಗೋತಿದ್ರಿ ಭಾವ?”

“ರಿವರ್ಸ್ ಯಾಕ ತಗೋಬೇಕು? ಹೊಲಾ ದೊಡ್ಡದಿತ್ತು. ಮುಂದ ಹೋಗಿ ತಿರಗಿಸ್ಕೊಂಡು ಬರೋದು.”

ಇಡೀ ಒಂಟಾರಿಯೊದಲ್ಲಿ ಇವರಿಗೆ ಬೇಕಾದಷ್ಟು ದೊಡ್ಡ ಹೊಲ ಎಲ್ಲಿಂದ ತರಲಿ? ನಾನು ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಳಿತೆ.

ಹೊರಡುವ ದಿನ ಬಂದೇ ಬಂತು. ಪಿಕರಿಂಗ್ ಎಂಬ ಊರು ದಾಟಿ ಪೂರ್ವಕ್ಕೆ, ಕೆರೆಯ ದಂಡೆಯ ಒಂದು ಕ್ಯಾಂಪಿಂಗ್ ಜಾಗಕ್ಕೆ. ಅಕ್ಕ ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ದಿಂಬು ಅವಚಿಕೊಂಡು ಕುಳಿತಳು. ನಾನು ಮುಂದೆ, ಸಲಹೆಗಾರನೆಂಬ ಹುದ್ದೆಯಲ್ಲಿ. ಹೈವೇ ಹತ್ತುವ ಮೊದಲೇ ಭಾವ, ಅಕ್ಕನಿಗೆ ಏನಾದರೂ ಬಿಸಿಯಾಗಿ ಕುಡಿಸೋಣವೆಂದು, ಬೇಡ ಬೇಡವೆಂದರೂ ಕಾರಿನಲ್ಲೇ ಕೂತು ಕಾಫಿ ಕೊಳ್ಳುವ ಅಂಗಡಿಯೊಂದರ ಇಕ್ಕಟ್ಟಿನ ಡ್ರೈವ್-ಥ್ರೂ ಓಣಿಗೆ ನುಗ್ಗಿಸಿದರು. ತಿರುವಿನಲ್ಲಿ ಬಾಲ ಸಿಕ್ಕಿಕೊಂಡಿತು. ಮುಂದೆ ಹೋಗದು, ಹಿಂದೆ ಬರಲು ಇವರಿಗೆ ಬಾರದು. ನಾನು ಇಳಿದು, ಹಿಂದಿದ್ದ ಕಾರುಗಳಿಗೆಲ್ಲ ಕೈಮುಗಿದು ಸಾರಿ ಸಾರಿ ಎನ್ನುತ್ತ ಅಳುವಂತಾಗಿದ್ದಾಗ, ಕಾರಿನ ಕಿಟಕಿಯಿಂದ ಭಾವನ ಕೂಗು: “ತಮ್ಮಾ, ನಿನ್ನ ಕಾಫೀಗೆ ಸಕ್ರಿ ಎಷ್ಟ?”

ಚಹವೋ ಕಾಫಿಯೋ ಎಂದು ಅಕ್ಕನನ್ನೂ ಕೇಳಿದರು. “ನಿಮ್ಮಿಷ್ಟ” ಎಂದಳು.

ಕೊನೆಗೆ ಅಂಗಡಿಯ ಹೂವಿನ ಪಾತಿಯ ಮೇಲೆ ಹತ್ತಿಸಿ ಹೊರಗೆ ಬಂದೆವು. ಹೂಗಳ ಪಾಪ ನಮಗೆ ತಟ್ಟಿತೋ ಏನೋ! ಪಿಕರಿಂಗ್ ಹತ್ತಿರ ಬರುತ್ತಿದ್ದಾಗ ದೊಡ್ಡ ಟ್ರಕ್ಕೊಂದು ಭರ್ರನೆ ಪಕ್ಕದಲ್ಲಿ ಹಾದುಹೋಯಿತು. ಬಾಲ ಒಮ್ಮೆ ಎಡಕ್ಕೆ ತೂಗಿತು, ಒಮ್ಮೆ ಬಲಕ್ಕೆ. ಆಮೇಲೆ ನಿಲ್ಲಲೇ ಇಲ್ಲ. ಕಾರು ಬಾಲವನ್ನು ಎಳೆಯುವುದು ಹೋಗಿ ಬಾಲವೇ ಕಾರನ್ನು ಬಡಿದಾಡಿಸತೊಡಗಿತು. ಹಿಂದೆ ಅಕ್ಕ ಕಣ್ಣುಮುಚ್ಚಿ ಸೀಟು ಹಿಡಿದಿದ್ದಳು. “ಬ್ರೇಕ್ ಮುಟ್ಟಬೇಡಿ! ಆಕ್ಸಿಲರೇಟರ್ ಬಿಡಿ! ಸ್ಟೀರಿಂಗ್ ನೇರ ಹಿಡೀರಿ!” ಎಂದು ಕಿರುಚಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಭಾವ ನನ್ನ ಮಾತು ಕೇಳಿದರು. ವೇಗ ಇಳಿಯಿತು, ತೂಗಾಟ ನಿಂತಿತು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು ಒಂದು ಪಾರ್ಕಿಂಗಿನಲ್ಲಿ ನಿಲ್ಲಿಸಿದರು.

ಬಾಲದ ಬಾಗಿಲು ತೆಗೆದು ನೋಡಿದೆ. ಗ್ರೈಂಡರು, ಅಕ್ಕಿ ಚೀಲ, ಜೋಳದ ಹಿಟ್ಟಿನ ಡಬ್ಬ, ನೀರಿನ ಕ್ಯಾನುಗಳು, ಕುಕ್ಕರುಗಳು, ಎಲ್ಲವೂ ಕಟ್ಟಕಡೆಯ ಮೂಲೆಯಲ್ಲಿ! ಮುಂದುಗಡೆ ಬರೀ ಹಾಸಿಗೆ.

“ಭಾವ! ವಿಮಾನಕ್ಕೆ ಸಾಮಾನು ತುಂಬೋರು ನೀವು! ಗೊತ್ತಿರಲಿಲ್ವಾ?”

“ಗೊತ್ತಿತ್ತು ತಮ್ಮಾ,” ಎಂದರು ಮೆಲ್ಲಗೆ. “ಮುಂದ ಆಕಿ ಹಾಸಗಿ ಐತಿ. ಭಾರದ್ದು ಆಕಿ ಹತ್ರ ಇಟ್ಟು, ಅದು ಆಕಿ ಹೊಟ್ಟಿ ಮ್ಯಾಲ ಬಿದ್ದರ?”

“ಗಾಡಿ ಓಡುವಾಗ ಅಕ್ಕ ಅಲ್ಲಿ ಮಲಗೋದೇ ಇಲ್ವಲ್ಲ!”

ಭಾವ ಬಗ್ಗಿ ಹಾಸಿಗೆ ಸರಿಪಡಿಸತೊಡಗಿದರು. ಆಗ ನೋಡಿದೆ, ಹಾಸಿಗೆಯ ಸುತ್ತಲಿನ ಕಪಾಟಿನ ಚೂಪು ಅಂಚುಗಳಿಗೆಲ್ಲ ಹೊದೆಯುವ ಹಳೆಯ ಕೌದಿ ಹರಿದು ಸುತ್ತಿ, ಸೂಜಿಯಿಂದ ಹೊಲಿದಿದ್ದರು. ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು. ಮನಸ್ಸು ಮಾತ್ರ ಕುಸಿಯಿತು. ಇಲ್ಲಿಂದಲೇ ವಾಪಸು, ಇನ್ನು ಅಕ್ಕ ಹೊಸ್ತಿಲು ದಾಟಿದ ಹಾಗೆಯೇ ಎಂದುಕೊಂಡೆ.

ಹಿಂದಿನಿಂದ ದನಿ ಬಂತು.

“ಬುದ್ಧಿ ಇದೆಯೇನ್ರೀ ನಿಮಗೆ? ಆ ಕೌದಿ ನಿಮ್ಮಮ್ಮ ಹೊಲಿದಿದ್ದು, ಅದನ್ನ ಹರಿದಿದ್ದೀರಾ! ಗ್ರೈಂಡರ್ ಯಾರು ತರಕ್ಕೆ ಹೇಳಿದ್ರು? ಕಾಡಲ್ಲಿ ಇಡ್ಲಿ ಅಂಗಡಿ ಇಡ್ತೀರಾ? ಮೂರು ಜನಾನೂ ಸಾಯಿಸ್ತಿದ್ರಲ್ಲ! ತೆಗೀರಿ ಎಲ್ಲಾನೂ, ನನ್ನ ಮಂಚದ ಕೆಳಗೆ ತಳ್ಳಿ. ಕತ್ತಲಾಗೋದ್ರೊಳಗೆ ನಾನು ಕೆರೆ ನೋಡ್ಬೇಕು. ಲೋ, ನೀನೇನೋ ಬಾಯಿ ಬಿಟ್ಕೊಂಡು ನಿಂತಿದೀಯ, ಹಿಡಿಯೋ ಆ ಕಡೆ!”

ಅಕ್ಕ! ಒಂದು ಕೈಯಲ್ಲಿ ದಿಂಬು ಅವಚಿಕೊಂಡು, ಇನ್ನೊಂದನ್ನು ಸೊಂಟದ ಮೇಲಿಟ್ಟು ನಿಂತಿದ್ದಳು. ನಾನು ಓಡಿ ಗ್ರೈಂಡರಿಗೆ ಕೈಹಾಕಿದೆ. ಆ ಬದಿ ಹಿಡಿದ ಭಾವನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. “ಕೇಳಿದೇನು ತಮ್ಮಾ? ಬೈದಳು,” ಎಂದರು ಪಿಸುಮಾತಿನಲ್ಲಿ.

ಭಾರದ್ದೆಲ್ಲ ಮುಂದಕ್ಕೆ ಹೋಯಿತು. ಉಳಿದದ್ದು ಅಕ್ಕಿ ಚೀಲವೊಂದೇ. ಭಾವ ಅದನ್ನು ಎತ್ತಿಕೊಂಡರು, ಅಕ್ಕನ ಕಡೆ ತಿರುಗಿದರು, ಬೇಕೆಂದೇ ಮತ್ತೆ ಹಿಂದಿನ ಮೂಲೆಯಲ್ಲೇ ಇಟ್ಟು, ಅವಳ ಬಾಯನ್ನೇ ನೋಡುತ್ತ ನಿಂತರು.